ತೆರಿಗೆ ಬಿಟ್ಟರೆ ಊರು ಚೇತರಿಸುವುದೇ?

ಪಾಳುಬಿದ್ದ ಗಿರಣಿ, ಕಳೆಗುಂದಿದ ಪೇಟೆ, ಖಾಲಿಯಾದ ಕಚೇರಿ ಕಟ್ಟಡಗಳಿಗೆ ಮತ್ತೆ ಹೂಡಿಕೆ ಬರಲೆಂದು ನಗರಾಡಳಿತಗಳು ತೆರಿಗೆ ಬಿಟ್ಟುಕೊಡುವ ಪದ್ಧತಿಯ ಬಗ್ಗೆ ಓದುಗರಿಂದ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಆರನ್ನು ಈ ಸಂಚಿಕೆಯಲ್ಲಿ ಉತ್ತರಿಸಿದೆ. ಉತ್ತರಗಳಲ್ಲಿ ಹೆಚ್ಚಿನ ಜಾಗ ಅಮೆರಿಕದ ಫಿಲಡೆಲ್ಫಿಯಾ ನಗರಕ್ಕೆ ಸಂದಿದೆ. ಈ ಪ್ರಯೋಗವನ್ನು ಅಷ್ಟು ದೀರ್ಘಕಾಲ, ಊರಿಗೆ ಊರೇ ಒಳಗಾಗುವಷ್ಟು ವ್ಯಾಪಕವಾಗಿ ನಡೆಸಿ, ಕೊನೆಗೆ ತಾನೇ ತಿದ್ದಿಕೊಂಡ ನಗರಗಳು ವಿರಳ ಎಂಬುದೇ ಇದಕ್ಕೆ ಕಾರಣ.

ನಮ್ಮ ಊರಿನ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದ್ದನ್ನು ಕಣ್ಣಾರೆ ಕಂಡವನು ನಾನು. ವಿದೇಶಗಳಲ್ಲಿ ಇಂಥದ್ದೇ ಸ್ಥಿತಿಗೆ ಬಂದ ನಗರಗಳು ಕೆಲವು ವರ್ಷ ತೆರಿಗೆ ಮನ್ನಾ ಮಾಡಿ ಹೊಸ ಹೂಡಿಕೆ ತಂದವು ಎಂದು ಓದಿದ್ದೇನೆ. ಅವರು ಬಿಡುವುದು ಯಾವ ತೆರಿಗೆಯನ್ನು? ಬಿಟ್ಟರೆ ನಗರಕ್ಕೆ ನಷ್ಟವಾಗುವುದಿಲ್ಲವೇ?
— ನಿವೃತ್ತ ಗಿರಣಿ ನೌಕರರು, ದಾವಣಗೆರೆ

ಸಾಮಾನ್ಯವಾಗಿ ಬಿಡುವುದು ಆಸ್ತಿ ತೆರಿಗೆಯನ್ನು. ಅದರಲ್ಲೂ ಪೂರ್ತಿಯಾಗಿ ಅಲ್ಲ. ಈ ಎರಡನೆಯ ಮಾತು ಮುಖ್ಯವಾದದ್ದು. ಫಿಲಡೆಲ್ಫಿಯಾದ ಉದಾಹರಣೆಯಿಂದ ವಿವರಿಸುತ್ತೇವೆ.

ಆ ನಗರ ಒಂದು ಕಾಲದಲ್ಲಿ ಜವಳಿ, ರೈಲ್ವೆ ಎಂಜಿನ್, ಹಡಗು ನಿರ್ಮಾಣಗಳಿಗೆ ಹೆಸರಾಗಿತ್ತು. 1950ರಲ್ಲಿ ಅಲ್ಲಿ 20.7 ಲಕ್ಷ ಜನರಿದ್ದರು. 2000ದ ಜನಗಣತಿಯ ಹೊತ್ತಿಗೆ 15.2 ಲಕ್ಷಕ್ಕಿಂತ ಕಡಿಮೆ ಜನ ಉಳಿದಿದ್ದರು. ಕಾರ್ಖಾನೆಗಳು ಹೋದವು, ಅವುಗಳ ಹಿಂದೆಯೇ ಜನರು ಹೊರವಲಯದ ಊರುಗಳಿಗೆ ಹೋದರು. ನಗರವು 1939ರಿಂದಲೇ ಸಂಬಳದ ಮೇಲೆ ತನ್ನದೇ ತೆರಿಗೆಯನ್ನು ಹಾಕುತ್ತಿತ್ತು. ವರಮಾನ ಕುಗ್ಗಿದಂತೆಲ್ಲ ಅದರ ದರವನ್ನು ಏರಿಸುತ್ತ ಹೋಗಿ 1980ರ ದಶಕದಲ್ಲಿ ಶೇ 4.96ಕ್ಕೆ ಮುಟ್ಟಿಸಿದರು. ಉಳಿದವರ ಮೇಲೆ ಹೆಚ್ಚು ಭಾರ ಹೇರಿದಷ್ಟೂ ಇನ್ನಷ್ಟು ಜನ ಊರು ಬಿಡಲು ಕಾರಣ ಸಿಕ್ಕಿತು. ಹೀಗೆ ಖಾಲಿಯಾದ ನಡುನಗರದಲ್ಲಿ ಹಳೆಯ ಕಚೇರಿ ಕಟ್ಟಡಗಳು ಬಾಡಿಗೆದಾರರಿಲ್ಲದೆ ನಿಂತಿದ್ದವು. ಕಾರ್ಮಿಕರ ಕೂಲಿ ಮತ್ತು ಸಾಮಗ್ರಿಯ ಖರ್ಚು ದೊಡ್ಡ ನಗರಗಳಷ್ಟೇ ಇದ್ದು, ಬಾಡಿಗೆ ಮಾತ್ರ ಕಡಿಮೆ ಇದ್ದುದರಿಂದ, ಅವನ್ನು ದುರಸ್ತಿ ಮಾಡಿದವರಿಗೆ ಹಾಕಿದ ಹಣವೇ ಹಿಂದಿರುಗುವ ಭರವಸೆ ಇರಲಿಲ್ಲ.

1997ರಲ್ಲಿ ನಗರಸಭೆಯು ಖಾಲಿ ಬಿದ್ದ ವಾಣಿಜ್ಯ ಕಟ್ಟಡಗಳನ್ನು ವಾಸದ ಮನೆಗಳಾಗಿ ಪರಿವರ್ತಿಸುವವರಿಗೆ ಹತ್ತು ವರ್ಷಗಳ ವಿನಾಯಿತಿ ಘೋಷಿಸಿತು. 2000ದಲ್ಲಿ ಇದನ್ನು ಎಲ್ಲ ಹೊಸ ನಿರ್ಮಾಣಗಳಿಗೂ ವಿಸ್ತರಿಸಿತು. ಲೆಕ್ಕವನ್ನು ಹತ್ತಿರದಿಂದ ನೋಡೋಣ. ಅಲ್ಲಿನ ಆಸ್ತಿ ತೆರಿಗೆ ಈಗ ಮಾರುಕಟ್ಟೆ ಬೆಲೆಯ ಸುಮಾರು ಶೇ 1.4. ಎರಡು ಲಕ್ಷ ಡಾಲರ್ ಬೆಲೆಯ ಖಾಲಿ ನಿವೇಶನದ ಮೇಲೆ ಒಬ್ಬರು ಎಂಟು ಲಕ್ಷ ಡಾಲರ್ ಬೆಲೆಬಾಳುವ ಕಟ್ಟಡ ಕಟ್ಟಿದರು ಎಂದುಕೊಳ್ಳಿ. ವಿನಾಯಿತಿ ಇಲ್ಲದಿದ್ದರೆ ವರ್ಷಕ್ಕೆ 14,000 ಡಾಲರ್ ಕಟ್ಟಬೇಕು. ವಿನಾಯಿತಿ ಇದ್ದರೆ ನಿವೇಶನದ ಮೇಲಿನ 2,800 ಡಾಲರ್ ಮೊದಲಿನಂತೆಯೇ ಬರುತ್ತದೆ, ಹೊಸದಾಗಿ ಸೇರಿದ ಬೆಲೆಯ ಮೇಲಿನ 11,200 ಡಾಲರ್ ಮಾತ್ರ ಬಿಟ್ಟಂತಾಗುತ್ತದೆ. ಅಂದರೆ ನಗರವು ನಿನ್ನೆಯವರೆಗೆ ಪಡೆಯುತ್ತಿದ್ದ ಹಣದಲ್ಲಿ ಒಂದು ಡಾಲರನ್ನೂ ಕಳೆದುಕೊಳ್ಳುವುದಿಲ್ಲ. ನಾಳೆ ಬರಬಹುದಾಗಿದ್ದುದನ್ನು ಹತ್ತು ವರ್ಷ ಮುಂದಕ್ಕೆ ಹಾಕುತ್ತದೆ.

ಹಾಗಾದರೆ ನಷ್ಟವೇ ಇಲ್ಲವೇ? ಇಲ್ಲೇ ಇಡೀ ವಾದ ನಿಂತಿರುವುದು. ವಿನಾಯಿತಿ ಇಲ್ಲದಿದ್ದರೆ ಆ ಕಟ್ಟಡ ಏಳುತ್ತಲೇ ಇರಲಿಲ್ಲ ಎಂದಾದರೆ ನಗರಕ್ಕೆ ಲಾಭವೇ. ಹೊಸ ನಿವಾಸಿಗಳ ಸಂಬಳದ ತೆರಿಗೆ ತಕ್ಷಣದಿಂದಲೇ ಬರುತ್ತದೆ, ಆಸ್ತಿ ವರ್ಗಾವಣೆ ತೆರಿಗೆ ಬರುತ್ತದೆ, ಹನ್ನೊಂದನೆಯ ವರ್ಷದಿಂದ ಪೂರ್ಣ ಆಸ್ತಿ ತೆರಿಗೆಯೂ ಬರುತ್ತದೆ. ಆದರೆ ಹೇಗೂ ಏಳಲಿದ್ದ ಕಟ್ಟಡಕ್ಕೆ ವಿನಾಯಿತಿ ಕೊಟ್ಟರೆ ಹತ್ತು ವರ್ಷಗಳ 1,12,000 ಡಾಲರ್ ಪೂರ್ತಿಯಾಗಿ ಉಡುಗೊರೆಯಾಗಿ ಹೋಗುತ್ತದೆ. ಫಿಲಡೆಲ್ಫಿಯಾದಲ್ಲಿ ಎರಡೂ ನಡೆದವು. ಮೊದಲ ವರ್ಷಗಳಲ್ಲಿ, ಯಾರೂ ಹಣ ಹಾಕಲು ಧೈರ್ಯ ಮಾಡದಿದ್ದ ನಡುನಗರದಲ್ಲಿ, ಕಚೇರಿಗಳು ವಸತಿ ಸಮುಚ್ಚಯಗಳಾದವು. 2010ರ ಜನಗಣತಿಯಲ್ಲಿ ಜನಸಂಖ್ಯೆ 15.26 ಲಕ್ಷಕ್ಕೆ ಏರಿತು. 1950ರ ನಂತರ ಒಂದು ಜನಗಣತಿಯಿಂದ ಮತ್ತೊಂದಕ್ಕೆ ಏರಿಕೆ ಕಂಡದ್ದು ಅದೇ ಮೊದಲು. 2020ರಲ್ಲಿ ಅದು 16 ಲಕ್ಷ ದಾಟಿತು. ಇದೆಲ್ಲ ವಿನಾಯಿತಿಯ ಫಲವೆಂದು ಹೇಳುವುದು ತಪ್ಪಾಗುತ್ತದೆ. ವಿಶ್ವವಿದ್ಯಾಲಯಗಳು ಮತ್ತು ಆಸ್ಪತ್ರೆಗಳು ಬೆಳೆದವು, ವಲಸಿಗರು ಬಂದರು, ಸಂಬಳದ ತೆರಿಗೆಯನ್ನು 1990ರ ದಶಕದ ಮಧ್ಯದಿಂದ ಸ್ವಲ್ಪ ಸ್ವಲ್ಪವಾಗಿ ಇಳಿಸಲಾಯಿತು. ಆದರೂ 1997ರ ಆ ನಿರ್ಧಾರ ಆ ಹೊತ್ತಿಗೆ ಸರಿಯಾದದ್ದೇ ಎಂಬುದು ನಮ್ಮ ಅಭಿಪ್ರಾಯ. ತಪ್ಪಾದದ್ದು, ಊರು ಎದ್ದು ನಿಂತ ಮೇಲೂ, ಎಲ್ಲೆಡೆಯೂ ಒಂದೇ ಸಮನೆ, ಅದನ್ನು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಮುಂದುವರಿಸಿದ್ದು.

ಫಿಲಡೆಲ್ಫಿಯಾದಲ್ಲಿ ನಾವು ಕೊಂಡ ಹೊಸ ಮನೆಗೆ ಇನ್ನೂ ಕೆಲವು ವರ್ಷ ತೆರಿಗೆ ವಿನಾಯಿತಿ ಇದೆ. ಪಕ್ಕದ ಹಳೆಯ ಮನೆಯಲ್ಲಿರುವ ವಯಸ್ಸಾದ ಮಹಿಳೆ ನಮಗಿಂತ ಹೆಚ್ಚು ತೆರಿಗೆ ಕಟ್ಟುತ್ತಾರೆಂದು ತಿಳಿದು ಮನಸ್ಸಿಗೆ ಕಸಿವಿಸಿಯಾಯಿತು. ಇದು ನ್ಯಾಯವೇ? ವಿನಾಯಿತಿ ಮುಗಿದಾಗ ನಮ್ಮ ಹೊರೆ ಎಷ್ಟಾಗಬಹುದು?
— ಶಿವಮೊಗ್ಗ ಮೂಲದ ಓದುಗರು, ಫಿಲಡೆಲ್ಫಿಯಾ

ಮೊದಲು ನಿಮ್ಮ ಲೆಕ್ಕ. ನಗರದ ಆಸ್ತಿ ಮೌಲ್ಯಮಾಪನ ಕಚೇರಿಯ ಜಾಲತಾಣದಲ್ಲಿ ನಿಮ್ಮ ವಿಳಾಸವನ್ನು ಕೊಟ್ಟರೆ ಮನೆಯ ಬೆಲೆಯನ್ನು ನಿವೇಶನ ಮತ್ತು ಕಟ್ಟಡ ಎಂದು ಬೇರ್ಪಡಿಸಿ ತೋರಿಸುತ್ತದೆ. ಕಟ್ಟಡದ ಬೆಲೆಯಲ್ಲಿ ವಿನಾಯಿತಿಗೆ ಒಳಪಟ್ಟದ್ದು ಎಷ್ಟು, ಪಡದಿರುವುದು ಎಷ್ಟು ಎಂಬುದೂ ಅಲ್ಲಿರುತ್ತದೆ. ಮನೆಯ ಒಟ್ಟು ಬೆಲೆ 4,50,000 ಡಾಲರ್, ಅದರಲ್ಲಿ ನಿವೇಶನದ್ದು 90,000 ಎಂದಿದ್ದರೆ ನೀವು ಈಗ ಕಟ್ಟುತ್ತಿರುವುದು ವರ್ಷಕ್ಕೆ ಸುಮಾರು 1,260 ಡಾಲರ್. ವಿನಾಯಿತಿ ಮುಗಿದ ಮರುವರ್ಷ ಅದು 6,300 ಆಗುತ್ತದೆ. ತಿಂಗಳಿಗೆ 420 ಡಾಲರ್ ಹೆಚ್ಚು. ಸಾಲದ ಕಂತಿನ ಜೊತೆಯಲ್ಲೇ ಬ್ಯಾಂಕಿನವರು ತೆರಿಗೆಯ ಹಣವನ್ನೂ ಹಿಡಿಯುತ್ತಿದ್ದರೆ ಕಂತು ಒಮ್ಮೆಲೇ ಏರುತ್ತದೆ. ಈಗಿನಿಂದಲೇ ತೆಗೆದಿಡುವುದು ಒಳ್ಳೆಯದು. ಸ್ವಂತ ವಾಸದ ಮನೆಗೆ ಮೌಲ್ಯದಲ್ಲಿ ಒಂದು ಲಕ್ಷ ಡಾಲರ್ ಕಳೆಯುವ ಬೇರೊಂದು ರಿಯಾಯಿತಿ ಇದೆ. ಹತ್ತು ವರ್ಷಗಳ ವಿನಾಯಿತಿ ನಡೆಯುತ್ತಿರುವಾಗ ಅದು ಸಿಗುವುದಿಲ್ಲ, ಮುಗಿದೊಡನೆ ಅರ್ಜಿ ಹಾಕಬಹುದು. ಹಾಕಿದರೆ ವರ್ಷಕ್ಕೆ 1,400 ಡಾಲರಿನಷ್ಟು ಉಳಿಯುತ್ತದೆ. ಇದನ್ನು ಮರೆಯಬೇಡಿ.

ಇನ್ನು ನ್ಯಾಯದ ಪ್ರಶ್ನೆ. ನಿಮಗೆ ಕಸಿವಿಸಿಯಾದದ್ದು ಸಹಜ, ಮತ್ತು ಅದೇ ಭಾವನೆ ಆ ನಗರದ ರಾಜಕೀಯವನ್ನು ಬದಲಾಯಿಸಿತು. ಆದರೆ ವಿನಾಯಿತಿಯ ಲಾಭವೆಲ್ಲ ನಿಮ್ಮ ಜೇಬಿಗೇ ಬಂದಿದೆ ಎಂದು ತಿಳಿಯಬೇಕಾಗಿಲ್ಲ. ವಿನಾಯಿತಿ ಮನೆಗೆ ಅಂಟಿಕೊಂಡಿರುತ್ತದೆ, ಮಾಲೀಕರಿಗಲ್ಲ. ಕೊಳ್ಳುವವರು ಉಳಿಯುವ ತೆರಿಗೆಯನ್ನು ಮೊದಲೇ ಲೆಕ್ಕ ಹಾಕಿಕೊಂಡು ಹೆಚ್ಚಿನ ಬೆಲೆ ಕೊಡಲು ಒಪ್ಪುವುದರಿಂದ, ಆ ಮೊತ್ತದ ಒಂದು ಪಾಲು ಮನೆ ಮಾರಿದ ಬಿಲ್ಡರಿಗೂ, ಅವರಿಗೆ ನಿವೇಶನ ಮಾರಿದವರಿಗೂ ಆಗಲೇ ಸೇರಿಹೋಗಿರುತ್ತದೆ.

ನಿಮ್ಮ ನೆರೆಯವರ ಕಷ್ಟ ಬೇರೆ ರೀತಿಯದು. ಸುತ್ತ ಹೊಸ ಮನೆಗಳೆದ್ದಂತೆ ಅವರ ಹಳೆಯ ಮನೆಯ ಬೆಲೆಯೂ ಕಾಗದದ ಮೇಲೆ ಏರುತ್ತದೆ, ಆದಾಯ ಏರುವುದಿಲ್ಲ. 2014ರಲ್ಲಿ ಇಡೀ ನಗರದ ಆಸ್ತಿಗಳನ್ನು ಮಾರುಕಟ್ಟೆ ಬೆಲೆಗೆ ಮರುಮೌಲ್ಯಮಾಪನ ಮಾಡಿದಾಗ ಇಂಥ ಮನೆಗಳಿಗೆ ದೊಡ್ಡ ಪೆಟ್ಟು ಬೀಳುವಂತಿತ್ತು. ಹಾಗಾಗಿ, ದೀರ್ಘಕಾಲದಿಂದ ಸ್ವಂತ ಮನೆಯಲ್ಲಿ ವಾಸವಿದ್ದು, ಮೌಲ್ಯ ಏಕಾಏಕಿ ಹಲವು ಪಟ್ಟು ಏರಿದವರಿಗೆ ತೆರಿಗೆಯ ಏರಿಕೆಯನ್ನು ತಡೆಯುವ ಪ್ರತ್ಯೇಕ ಯೋಜನೆಯನ್ನು ಆಗ ತಂದರು. ಅದಕ್ಕೆ ಆದಾಯದ ಮಿತಿ ಇದೆ, ಅರ್ಜಿಯನ್ನೂ ಹಾಕಬೇಕು. ನಿಮ್ಮ ನೆರೆಯವರು ಹಾಕಿದ್ದಾರೆಯೇ ಎಂದು ಒಮ್ಮೆ ವಿಚಾರಿಸಿ. ಗೊತ್ತಿಲ್ಲದೆ ಬಿಟ್ಟಿದ್ದರೆ ನಿಮ್ಮಿಂದ ದೊಡ್ಡ ಉಪಕಾರವಾದೀತು.

ನಮ್ಮನ್ನು ಹೆಚ್ಚು ಕಾಡುವುದು ಶಾಲೆಗಳ ಸಂಗತಿ. ಫಿಲಡೆಲ್ಫಿಯಾದ ಆಸ್ತಿ ತೆರಿಗೆಯಲ್ಲಿ ಸುಮಾರು ಶೇ 55ರಷ್ಟು ಸಾರ್ವಜನಿಕ ಶಾಲೆಗಳಿಗೆ ಹೋಗುತ್ತದೆ. ಆದ್ದರಿಂದ ವಿನಾಯಿತಿಯಾಗಿ ಬಿಟ್ಟ ಪ್ರತಿ ನೂರು ಡಾಲರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ಪಾಲಿನದು. 2013ರಲ್ಲಿ ಹಣದ ಮುಗ್ಗಟ್ಟಿನಿಂದ ಅಲ್ಲಿನ ಶಾಲಾ ಆಡಳಿತ ಇಪ್ಪತ್ತಕ್ಕೂ ಹೆಚ್ಚು ಶಾಲೆಗಳನ್ನು ಮುಚ್ಚಿತು. ರಾಜ್ಯದ ಅನುದಾನ ಕಡಿತ, ವಿದ್ಯಾರ್ಥಿಗಳ ಸಂಖ್ಯೆ ಇಳಿದದ್ದು ಅದಕ್ಕೆ ದೊಡ್ಡ ಕಾರಣಗಳು, ವಿನಾಯಿತಿಯೊಂದನ್ನೇ ದೂರಲಾಗದು. ಆದರೆ ಮುಚ್ಚಿದ ಶಾಲೆಯ ಪಕ್ಕದ ಬೀದಿಯಲ್ಲಿ ತೆರಿಗೆ ಇಲ್ಲದ ಐಷಾರಾಮಿ ಮನೆಗಳು ಏಳುವುದನ್ನು ನೋಡಿದ ತಂದೆತಾಯಿಯರಿಗೆ ಆ ವಿವರಣೆ ಸಮಾಧಾನ ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ.

2019ರ ಡಿಸೆಂಬರಿನಲ್ಲಿ ನಗರಸಭೆ ನಿಯಮವನ್ನು ಬಿಗಿಗೊಳಿಸಿತು. ಕೋವಿಡ್‌ನಿಂದಾಗಿ ಅದು ಜಾರಿಗೆ ಬಂದದ್ದು 2022ರ ಜನವರಿಯಿಂದ. ಹೊಸ ವಾಸದ ಮನೆಗೆ ಮೊದಲ ವರ್ಷ ಪೂರ್ಣ ವಿನಾಯಿತಿ, ಮುಂದೆ ವರ್ಷಕ್ಕೆ ಶೇ 10ರಂತೆ ಇಳಿಕೆ. ವಾಣಿಜ್ಯ ಕಟ್ಟಡಗಳಿಗೆ, 2020ರ ತಿದ್ದುಪಡಿಯಂತೆ, ಹತ್ತು ವರ್ಷವೂ ಶೇ 90. ಹಳೆಯ ಮನೆಗಳ ಜೀರ್ಣೋದ್ಧಾರಕ್ಕೆ ಮಾತ್ರ ಮೊದಲಿನ ಪೂರ್ಣ ವಿನಾಯಿತಿಯೇ ಉಳಿಯಿತು. ಹಿಂದಿನ ಉತ್ತರದಲ್ಲಿ ಹೇಳಿದ ಕಟ್ಟಡ ಹೊಸ ವಾಸದ ಕಟ್ಟಡವಾಗಿದ್ದರೆ, ಬಿಡುವ ಮೊತ್ತ 1,12,000ದಿಂದ 61,600 ಡಾಲರಿಗೆ ಇಳಿಯುತ್ತದೆ. ಹಳೆಯ ನಿಯಮದ ಲಾಭ ಪಡೆಯಲು 2021ರ ಕೊನೆಯ ವಾರಗಳಲ್ಲಿ ಕಟ್ಟಡ ಪರವಾನಗಿಗೆ ಅರ್ಜಿಗಳ ನೂಕುನುಗ್ಗಲಾಯಿತು. ಹಂತಹಂತವಾಗಿ ಇಳಿಸುವ ಈ ಕ್ರಮವನ್ನು ಹತ್ತು ವರ್ಷ ಮೊದಲೇ ತಂದಿದ್ದರೆ ಚೆನ್ನಾಗಿತ್ತು.

ಹುಬ್ಬಳ್ಳಿಯಲ್ಲಿ ನಮ್ಮದು ತಂದೆಯ ಕಾಲದ ಜವಳಿ ಅಂಗಡಿ. ಹೊಸದಾಗಿ ಬರುವ ದೊಡ್ಡ ಕಂಪನಿಗೆ ರಿಯಾಯಿತಿ, ಇಲ್ಲೇ ಇದ್ದು ವರ್ಷ ವರ್ಷವೂ ಕಂದಾಯ ಕಟ್ಟಿದವರಿಗೆ ಏನೂ ಇಲ್ಲ. ಇದು ಎಲ್ಲ ಕಡೆಯೂ ಹೀಗೆಯೋ?
— ಜವಳಿ ವ್ಯಾಪಾರಿ, ಹುಬ್ಬಳ್ಳಿ

ಬಹುಮಟ್ಟಿಗೆ ಹೌದು, ಮತ್ತು ನಿಮ್ಮ ದೂರು ನ್ಯಾಯವಾದದ್ದು. ಹೊಸಬರು ಬಂದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಇದ್ದವರು ಇದ್ದಲ್ಲೇ ಇದ್ದರೆ ಯಾರೂ ಗಮನಿಸುವುದಿಲ್ಲ. 2017ರಲ್ಲಿ ಅಮೆಜಾನ್ ತನ್ನ ಎರಡನೆಯ ಕೇಂದ್ರ ಕಚೇರಿಗೆ ಊರುಗಳಿಂದ ಪ್ರಸ್ತಾವ ಕೇಳಿದಾಗ 238 ಪ್ರಸ್ತಾವಗಳು ಬಂದವು, ಒಂದನ್ನು ಮೀರಿಸಿ ಇನ್ನೊಂದು ರಿಯಾಯಿತಿ ಘೋಷಿಸುತ್ತ. ನ್ಯೂಯಾರ್ಕ್ ಕೊಡಲೊಪ್ಪಿದ್ದು ಸುಮಾರು 300 ಕೋಟಿ ಡಾಲರ್ ಮೌಲ್ಯದ ಸೌಲಭ್ಯ. ಸ್ಥಳೀಯರ ವಿರೋಧ ಎದ್ದ ಮೇಲೆ 2019ರ ಫೆಬ್ರುವರಿಯಲ್ಲಿ ಕಂಪನಿಯೇ ಅಲ್ಲಿಂದ ಹಿಂದೆ ಸರಿಯಿತು.

ಇದಕ್ಕಿಂತ ಬೇಸರದ ಕಥೆ ಕ್ಯಾನ್ಸಾಸ್ ಸಿಟಿಯದು. ಆ ಮಹಾನಗರ ಪ್ರದೇಶದ ನಡುವೆಯೇ ಕ್ಯಾನ್ಸಾಸ್ ಮತ್ತು ಮಿಸೌರಿ ರಾಜ್ಯಗಳ ಗಡಿ ಹಾದುಹೋಗುತ್ತದೆ. ವರ್ಷಗಟ್ಟಲೆ ಎರಡೂ ರಾಜ್ಯಗಳು ಕೆಲವೇ ಮೈಲಿ ಆಚೆಗಿನ ಕಂಪನಿಗಳನ್ನು ತೆರಿಗೆ ರಿಯಾಯಿತಿ ಕೊಟ್ಟು ತಮ್ಮತ್ತ ಸೆಳೆದುಕೊಂಡವು. ಗಡಿ ದಾಟಿದ ಕಚೇರಿಯ ನೌಕರರು ಅದೇ ಮನೆಯಿಂದ, ಬೇರೆ ರಸ್ತೆಯಲ್ಲಿ ಕೆಲಸಕ್ಕೆ ಹೋದರು. ಒಟ್ಟು ಪ್ರದೇಶಕ್ಕೆ ಹೊಸ ಉದ್ಯೋಗ ಸೇರಲಿಲ್ಲ, ಎರಡೂ ಕಡೆಯ ಬೊಕ್ಕಸ ಮಾತ್ರ ಸೊರಗಿತು. 2019ರಲ್ಲಿ ಎರಡೂ ರಾಜ್ಯಗಳು ಇದನ್ನು ನಿಲ್ಲಿಸಲು ಒಪ್ಪಿಕೊಂಡವು. ನಮ್ಮಲ್ಲಿ ಹುಬ್ಬಳ್ಳಿ ಮತ್ತು ಧಾರವಾಡ ದೀರ್ಘಕಾಲ ಒಂದೇ ಪಾಲಿಕೆಯಡಿ ಇದ್ದುದರಿಂದ ಅಂಥ ಪೈಪೋಟಿಗೆ ಅವಕಾಶವಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು.

ರಿಯಾಯಿತಿಯಿಂದಲೇ ಕಂಪನಿಗಳು ಬರುತ್ತವೆಯೇ ಎಂಬುದನ್ನು ಬಹುಕಾಲದಿಂದ ಅಧ್ಯಯನ ಮಾಡುತ್ತಿರುವ ಅಮೆರಿಕದ ಅರ್ಥಶಾಸ್ತ್ರಜ್ಞ ಟಿಮೊಥಿ ಬಾರ್ಟಿಕ್ ಅವರು 2018ರಲ್ಲಿ ಹಿಂದಿನ ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ರಿಯಾಯಿತಿ ಪಡೆದ ಸಂಸ್ಥೆಗಳಲ್ಲಿ ಅದರ ಕಾರಣದಿಂದಲೇ ನಿರ್ಧಾರ ಬದಲಿಸಿದವುಗಳ ಪ್ರಮಾಣ ಶೇ 2ರಿಂದ 25ರೊಳಗೆ ಇರಬಹುದೆಂದು ಕಂಡುಕೊಂಡರು. ಉಳಿದವು ಹೇಗೂ ಬರುತ್ತಿದ್ದವು. ಅಂದರೆ ನಾಲ್ಕರಲ್ಲಿ ಕನಿಷ್ಠ ಮೂರು ಕಂಪನಿಗಳಿಗೆ ಕೊಟ್ಟದ್ದು ವ್ಯರ್ಥ.

ಫಿಲಡೆಲ್ಫಿಯಾದಲ್ಲೇ ಎರಡು ಕಟ್ಟಡಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಪೆನ್ಸಿಲ್ವೇನಿಯಾ ರಾಜ್ಯವು 1998ರಲ್ಲಿ ಪಾಳುಬಿದ್ದ ಜಾಗಗಳನ್ನು ಗುರುತಿಸಿ, ಅಲ್ಲಿಗೆ ಬರುವವರಿಗೆ ರಾಜ್ಯದ ಮತ್ತು ಸ್ಥಳೀಯ ತೆರಿಗೆಗಳೆಲ್ಲವನ್ನೂ ಬಹುಪಾಲು ಬಿಡುವ ವಲಯಗಳ ಕಾನೂನು ತಂದಿತು. ನಗರದ ಮುಖ್ಯ ರೈಲು ನಿಲ್ದಾಣದ ಪಕ್ಕದ ಇಂಥ ವಲಯದಲ್ಲಿ 2005ರಲ್ಲಿ ಸೀರಾ ಸೆಂಟರ್ ಎಂಬ ಗಾಜಿನ ಗೋಪುರ ಎದ್ದಿತು. ಅಲ್ಲಿಗೆ ಬಂದವರಲ್ಲಿ ನಡುನಗರದ ಇನ್ನೊಂದು ಗೋಪುರದಲ್ಲಿದ್ದ ದೊಡ್ಡ ವಕೀಲರ ಸಂಸ್ಥೆಯೂ ಸೇರಿತ್ತು. ತೆರಿಗೆ ಕಟ್ಟುತ್ತಿದ್ದ ಬಾಡಿಗೆದಾರರು ನದಿ ದಾಟಿ ತೆರಿಗೆ ಕಟ್ಟದವರಾದರು ಎಂದು ಹಳೆಯ ಕಟ್ಟಡಗಳ ಮಾಲೀಕರು ಕೂಗೆಬ್ಬಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು, ದಕ್ಷಿಣದಲ್ಲಿರುವ ನೌಕಾಪಡೆಯ ಹಳೆಯ ಹಡಗುಕಟ್ಟೆ. ಅದು 1996ರಲ್ಲಿ ಮುಚ್ಚಿ ಸಾವಿರಾರು ಜನ ಕೆಲಸ ಕಳೆದುಕೊಂಡರು. 2000ದಲ್ಲಿ ಸುಮಾರು 1,200 ಎಕರೆ ಜಾಗ ನಗರದ ಕೈಗೆ ಬಂತು. ಅರ್ಬನ್ ಔಟ್‌ಫಿಟರ್ಸ್ ಎಂಬ ಬಟ್ಟೆ ಕಂಪನಿ, 1970ರಲ್ಲಿ ಇದೇ ನಗರದ ವಿಶ್ವವಿದ್ಯಾಲಯದ ಎದುರು ಒಂದು ಸಣ್ಣ ಅಂಗಡಿಯಾಗಿ ಹುಟ್ಟಿದ್ದು, ಊರೊಳಗೆ ಚದುರಿಹೋಗಿದ್ದ ತನ್ನ ಕಚೇರಿಗಳನ್ನೆಲ್ಲ 2006ರಲ್ಲಿ ಅಲ್ಲಿಗೆ ತಂದಿತು. ಹಡಗಿನ ಭಾಗಗಳನ್ನು ತಯಾರಿಸುತ್ತಿದ್ದ ಇಟ್ಟಿಗೆಯ ಕಟ್ಟಡಗಳನ್ನು ಕೆಡವದೆ, ಎತ್ತರದ ಕಿಟಕಿಗಳನ್ನೂ ಉಕ್ಕಿನ ತೊಲೆಗಳನ್ನೂ ಉಳಿಸಿಕೊಂಡು, ಐತಿಹಾಸಿಕ ಕಟ್ಟಡಗಳ ಜೀರ್ಣೋದ್ಧಾರದ ಖರ್ಚಿನಲ್ಲಿ ಶೇ 20ರಷ್ಟನ್ನು ಆದಾಯ ತೆರಿಗೆಯಲ್ಲಿ ಜಮೆ ಮಾಡುವ ಕೇಂದ್ರ ಸರ್ಕಾರದ ಸೌಲಭ್ಯವನ್ನು ಬಳಸಿಕೊಂಡು ಕಟ್ಟಿದರು. ಊರಿನದೇ ಉದ್ದಿಮೆ, ಯಾರಿಗೂ ಬೇಡವಾಗಿದ್ದ ಜಾಗ. ರಿಯಾಯಿತಿಗೆ ಇದಕ್ಕಿಂತ ಒಳ್ಳೆಯ ಬಳಕೆ ನಮಗೆ ತೋರದು.

ಪೇಟೆಯ ವ್ಯಾಪಾರಿಗಳಿಗೆ ಇನ್ನೂ ಒಂದು ಮಾತು. ಅದೇ ನಡುನಗರದ ಕಟ್ಟಡ ಮಾಲೀಕರು 1990ರ ದಶಕದ ಆರಂಭದಲ್ಲಿ ತಮ್ಮ ಮೇಲೆ ತಾವೇ ಒಂದು ಹೆಚ್ಚುವರಿ ವಂತಿಗೆ ಹಾಕಿಕೊಂಡು ಸೆಂಟರ್ ಸಿಟಿ ಡಿಸ್ಟ್ರಿಕ್ಟ್ ಎಂಬ ಸಂಸ್ಥೆ ಕಟ್ಟಿದರು. ಬೀದಿ ಗುಡಿಸುವುದು, ದೀಪ ಹಾಕಿಸುವುದು, ರಾತ್ರಿ ಕಾವಲು ಇವೇ ಅದರ ಮೊದಲ ಕೆಲಸಗಳು. ಟೊರೊಂಟೊದಲ್ಲಿ 1970ರಲ್ಲೇ ಇಂಥ ಮೊದಲ ವ್ಯವಸ್ಥೆ ಹುಟ್ಟಿತ್ತು. ಕಟ್ಟಿದ ಹಣ ತಮ್ಮ ಬೀದಿಗೇ ಬರುತ್ತದೆಂಬ ಖಾತ್ರಿ ಇದ್ದರೆ ವ್ಯಾಪಾರಿಗಳು ರಿಯಾಯಿತಿ ಕೇಳುವುದಿರಲಿ, ಹೆಚ್ಚೇ ಕಟ್ಟಲು ಸಿದ್ಧರಿರುತ್ತಾರೆ. ಪಾರ್ಕಿಂಗ್, ಚರಂಡಿ, ಶೌಚಾಲಯಗಳಿಲ್ಲದ ಪೇಟೆಗೆ ಕಂದಾಯದಲ್ಲಿ ಸ್ವಲ್ಪ ಬಿಟ್ಟರೆ ಗಿರಾಕಿಗಳು ಹೆಚ್ಚುವುದಿಲ್ಲ ಎಂಬುದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು.

ತೆರಿಗೆ ವಿನಾಯಿತಿಗೂ, ಷಿಕಾಗೊದಲ್ಲಿ ಬಳಸುವ ತೆರಿಗೆ ಹೆಚ್ಚಳದ ನಿಧಿಗೂ ಏನು ವ್ಯತ್ಯಾಸ?
— ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ, ಮಂಗಳೂರು

ವಿನಾಯಿತಿಯಲ್ಲಿ ಮಾಲೀಕರು ಹೆಚ್ಚಿದ ಮೌಲ್ಯದ ಮೇಲಿನ ತೆರಿಗೆ ಕಟ್ಟುವುದಿಲ್ಲ. ನಿಧಿಯ ಪದ್ಧತಿಯಲ್ಲಿ ಪೂರ್ತಿ ಕಟ್ಟುತ್ತಾರೆ, ಆದರೆ ಹೆಚ್ಚಳದ ಭಾಗ ಸಾಮಾನ್ಯ ಬೊಕ್ಕಸಕ್ಕೆ ಹೋಗದೆ ಆ ವಲಯದ ರಸ್ತೆ, ಕೊಳವೆ, ಕಟ್ಟಡಗಳಿಗೇ ಮೀಸಲಾಗುತ್ತದೆ. ವಲಯ ಘೋಷಿಸಿದ ದಿನದ ಆಸ್ತಿ ಮೌಲ್ಯವನ್ನು ಗೆರೆ ಎಳೆದಂತೆ ನಿಲ್ಲಿಸಲಾಗುತ್ತದೆ. ಷಿಕಾಗೊದಲ್ಲಿ ಸಾಮಾನ್ಯವಾಗಿ 23 ವರ್ಷಗಳವರೆಗೆ ಆ ಗೆರೆಯ ಮೇಲಿನದೆಲ್ಲ ನಿಧಿಗೆ. ಇಲಿನಾಯ್ ರಾಜ್ಯ 1977ರಲ್ಲಿ ಕಾನೂನು ಮಾಡಿತು, ಷಿಕಾಗೊದ ಮೊದಲ ವಲಯ 1984ರಲ್ಲಿ ಬಂತು. ಹಾಳಾದ ಪ್ರದೇಶಗಳಿಗೆಂದು ಹೊರಟ ಯೋಜನೆ ಕ್ರಮೇಣ ಶ್ರೀಮಂತ ಭಾಗಗಳಿಗೂ ಹಬ್ಬಿತು: 2019ರಲ್ಲಿ ಲಿಂಕನ್ ಯಾರ್ಡ್ಸ್ ಎಂಬ ಒಂದೇ ಯೋಜನೆಗೆ 130 ಕೋಟಿ ಡಾಲರ್‌ವರೆಗಿನ ನಿಧಿಗೆ ಒಪ್ಪಿಗೆ ಸಿಕ್ಕಿತು. ಈ ಪದ್ಧತಿಯನ್ನು 1952ರಲ್ಲಿ ಮೊದಲು ತಂದ ಕ್ಯಾಲಿಫೋರ್ನಿಯಾವೇ, ಶಾಲೆಗಳ ಹಣ ಸೋರುತ್ತಿದೆ ಎಂಬ ಕಾರಣವನ್ನೂ ಮುಂದಿಟ್ಟು, 2012ರಲ್ಲಿ ಇದನ್ನು ಬಳಸುತ್ತಿದ್ದ ತನ್ನ ಸುಮಾರು 400 ಪುನರಭಿವೃದ್ಧಿ ಸಂಸ್ಥೆಗಳನ್ನು ಮುಚ್ಚಿತು. ಪರೀಕ್ಷೆಗೆ ಬರೆಯುವಾಗ ಈ ಎರಡೂ ತುದಿಗಳನ್ನು ಹೇಳಿ.

ಹಳೆಯ ಗೋದಾಮು, ಮುದ್ರಣಾಲಯ, ಗಿರಣಿಗಳನ್ನು ಕೊಂಡು ಹೊಸ ಉದ್ದಿಮೆ ಆರಂಭಿಸುವವರಿಗೆ ನಮ್ಮ ನಗರಸಭೆಯೇ ಠರಾವು ಮಾಡಿ ಹತ್ತು ವರ್ಷ ಆಸ್ತಿ ತೆರಿಗೆ ಬಿಡಬಹುದೇ?
— ನಗರಸಭೆಯ ಮಾಜಿ ಸದಸ್ಯರು, ಗದಗ

ಬರಿಯ ಠರಾವಿನಿಂದ ಆಗದು. ಸಂವಿಧಾನದ 243ಎಕ್ಸ್ ವಿಧಿಯ ಪ್ರಕಾರ ನಗರ ಸ್ಥಳೀಯ ಸಂಸ್ಥೆಗಳು ಯಾವ ತೆರಿಗೆಯನ್ನು ಹೇಗೆ ಹಾಕಬಹುದೆಂಬುದನ್ನು ನಿರ್ಧರಿಸುವುದು ರಾಜ್ಯದ ಶಾಸನ. ನಗರಸಭೆಗಳಿಗೆ 1964ರ ಪೌರಸಭೆಗಳ ಅಧಿನಿಯಮ, ಮಹಾನಗರ ಪಾಲಿಕೆಗಳಿಗೆ 1976ರ ಅಧಿನಿಯಮ ಇವೆ. ಯಾವ ಆಸ್ತಿಗೆ ವಿನಾಯಿತಿ ಎಂಬುದನ್ನು ಅವೇ ಹೇಳುತ್ತವೆ. ವರ್ಷದ ಆರಂಭದಲ್ಲಿ, ಏಪ್ರಿಲ್‌ನಲ್ಲಿ ಕಟ್ಟುವವರಿಗೆ ಸಿಗುವ ಶೇ 5ರ ರಿಯಾಯಿತಿಯೂ ರಾಜ್ಯದ ಕಾನೂನಿನಿಂದಲೇ ಬಂದದ್ದು. ಫಿಲಡೆಲ್ಫಿಯಾಕ್ಕೂ ರಾಜ್ಯದ ಅನುಮತಿ ಬೇಕಿತ್ತು, ಆದರೆ ಅದರ ಕೈಗೆ ದಕ್ಕಿದ ಅಧಿಕಾರ ನಮ್ಮ ನಗರಸಭೆಗಳಿಗಿಂತ ಬಹಳ ದೊಡ್ಡದು. ನಮ್ಮಲ್ಲಿ ಉದ್ದಿಮೆಗಳಿಗೆ ಸಿಗುವ ಮುದ್ರಾಂಕ ಶುಲ್ಕದ ವಿನಾಯಿತಿ, ಭೂಪರಿವರ್ತನೆ ಶುಲ್ಕದ ಮರುಪಾವತಿ, ಬೆಂಗಳೂರಿನ ಹೊರಗಿನ ತಾಲ್ಲೂಕುಗಳಿಗೆ ಹೆಚ್ಚಿನ ಉತ್ತೇಜನ ಇವೆಲ್ಲ ರಾಜ್ಯದ ಕೈಗಾರಿಕಾ ನೀತಿಯಡಿ ಬರುತ್ತವೆ. ಹಳೆಯ ಪೇಟೆಯ ನಡುವಿನ ಗೋದಾಮಿಗಿಂತ ಊರಾಚೆಯ ಕೈಗಾರಿಕಾ ಪ್ರದೇಶದ ನಿವೇಶನಕ್ಕೆ ಅವು ಸುಲಭವಾಗಿ ಒಗ್ಗುತ್ತವೆ. ಈ ಕೊರತೆಯನ್ನು ನಿಮ್ಮಂಥವರು ಶಾಸಕರ ಗಮನಕ್ಕೆ ತರಬೇಕು.

ಕಾನೂನು ತಿದ್ದುಪಡಿಯಾಯಿತೆಂದೇ ಇಟ್ಟುಕೊಳ್ಳೋಣ. ಆಗಲೂ ಮೂರು ಸಂಗತಿಗಳನ್ನು ತೂಗಿ ನೋಡಬೇಕಾಗುತ್ತದೆ. 1979ರಲ್ಲಿ ಆಕ್ಟ್ರಾಯ್ (ಊರೊಳಗೆ ಬರುವ ಸರಕಿನ ಮೇಲಿನ ಸುಂಕ) ರದ್ದಾದ ಮೇಲೆ ನಮ್ಮ ನಗರಸಭೆಗಳಿಗೆ ಸ್ವಂತದ್ದೆಂದು ಉಳಿದ ದೊಡ್ಡ ವರಮಾನ ಆಸ್ತಿ ತೆರಿಗೆ ಒಂದೇ. ಅದರ ಮೇಲೆ ಶೇ 6ರಂತೆ ಗ್ರಂಥಾಲಯ ಕರವೂ ಸೇರುತ್ತದೆ. ತೆರಿಗೆ ಬಿಟ್ಟರೆ ಊರಿನ ವಾಚನಾಲಯದ ಪಾಲೂ ಜೊತೆಗೇ ಹೋಗುತ್ತದೆ. ಮೇಲಾಗಿ 15ನೆಯ ಹಣಕಾಸು ಆಯೋಗವು ನಗರಗಳಿಗೆ ಕೇಂದ್ರದ ಅನುದಾನ ಬೇಕೆಂದರೆ ಆಸ್ತಿ ತೆರಿಗೆಯ ಸಂಗ್ರಹ ರಾಜ್ಯದ ಆರ್ಥಿಕ ಬೆಳವಣಿಗೆಯ ವೇಗಕ್ಕೆ ತಕ್ಕಂತೆ ಏರಬೇಕೆಂದು ಷರತ್ತು ಹಾಕಿತ್ತು. ಉದಾರವಾಗಿ ಬಿಟ್ಟ ಊರು ಎರಡು ಕಡೆಯಿಂದಲೂ ಕಳೆದುಕೊಳ್ಳುವ ಅಪಾಯವಿದೆ.

ಎಲ್ಲಕ್ಕಿಂತ ಮಿಗಿಲಾಗಿ, ನಮ್ಮ ಆಸ್ತಿ ತೆರಿಗೆ ಹೂಡಿಕೆದಾರರ ಮನಸ್ಸು ಬದಲಿಸುವಷ್ಟು ಭಾರವಾಗಿಲ್ಲ. ವರ್ಷ ವರ್ಷವೂ ಮಾರುಕಟ್ಟೆ ಬೆಲೆಯ ಶೇ 1.4ನ್ನು ಕಟ್ಟುವ ಊರಿನಲ್ಲಿ ಅದನ್ನು ಬಿಡುವುದು ದೊಡ್ಡ ಆಮಿಷ. ನಮ್ಮಲ್ಲಿ ಹಳೆಯ ಗಿರಣಿಯನ್ನು ಕೊಳ್ಳಲು ಬಂದವರು ಹಿಂದೆ ಸರಿಯುವುದು ಕಂದಾಯದ ಚೀಟಿಯನ್ನು ನೋಡಿಯಲ್ಲ. ಖಾತೆಯಲ್ಲಿ ತೀರಿಹೋದವರ ಹೆಸರಿರುತ್ತದೆ, ದಾಯಾದಿಗಳ ಪಾಲಿನ ದಾವೆ ನ್ಯಾಯಾಲಯದಲ್ಲಿರುತ್ತದೆ, ಬ್ಯಾಂಕಿನ ಋಣ ತೀರಿರುವುದಿಲ್ಲ, ಒಳಚರಂಡಿ ಆ ಬೀದಿಗೆ ಬಂದಿರುವುದಿಲ್ಲ, ಲಾರಿ ತಿರುಗುವಷ್ಟು ರಸ್ತೆ ಇರುವುದಿಲ್ಲ. ಇವನ್ನು ಬಗೆಹರಿಸುವ ಒಬ್ಬ ಅಧಿಕಾರಿಯನ್ನು ನೇಮಿಸುವುದು ಹತ್ತು ವರ್ಷಗಳ ತೆರಿಗೆ ಬಿಡುವುದಕ್ಕಿಂತ ಹೆಚ್ಚು ಹೂಡಿಕೆ ತಂದೀತು ಎಂದು ನಾವು ನಂಬುತ್ತೇವೆ.

ಲಂಡನ್ನಿನ ಹಳೆಯ ಬಂದರು ಪ್ರದೇಶವಾದ ಡಾಕ್‌ಲ್ಯಾಂಡ್ಸ್ ಈ ಮಾತಿಗೆ ಸಾಕ್ಷಿ. ಹಡಗುಕಟ್ಟೆಗಳು ಮುಚ್ಚಿದ ಮೇಲೆ, 1982ರಲ್ಲಿ ಐಲ್ ಆಫ್ ಡಾಗ್ಸ್ ಪ್ರದೇಶವನ್ನು ಉದ್ಯಮ ವಲಯವೆಂದು ಘೋಷಿಸಿ ಹತ್ತು ವರ್ಷ ಸ್ಥಳೀಯ ತೆರಿಗೆಯನ್ನು ಪೂರ್ತಿ ಬಿಟ್ಟರು, ಕಟ್ಟಡದ ಖರ್ಚನ್ನೆಲ್ಲ ಆದಾಯದಲ್ಲಿ ಕಳೆಯಲು ಬಿಟ್ಟರು. ಅಲ್ಲಿನ ಕ್ಯಾನರಿ ವಾರ್ಫ್‌ನ ದೊಡ್ಡ ಗೋಪುರ 1991ರಲ್ಲಿ ಎದ್ದಿತು. ಮರುವರ್ಷವೇ ಅದನ್ನು ಕಟ್ಟಿದ ಕಂಪನಿ ದಿವಾಳಿಯಾಯಿತು. ಆರ್ಥಿಕ ಹಿಂಜರಿತವಿತ್ತು, ನಗರದ ಹೃದಯದಿಂದ ಅಲ್ಲಿಗೆ ತಲುಪಲು ಸಣ್ಣ ಲಘು ರೈಲನ್ನು ಬಿಟ್ಟರೆ ಸರಿಯಾದ ಮಾರ್ಗವಿರಲಿಲ್ಲ. ಜುಬಿಲಿ ಮೆಟ್ರೊ ಮಾರ್ಗ 1999ರಲ್ಲಿ ಬಂದ ಮೇಲೆ ಆ ಜಾಗ ನಿಜವಾಗಿ ತುಂಬಿಕೊಂಡಿತು.

ಆದ್ದರಿಂದ ನಿಮ್ಮ ಠರಾವಿನ ಬದಲು ಚಿಕ್ಕದಾದ ಒಂದು ಬೇಡಿಕೆಯನ್ನು ಸರ್ಕಾರದ ಮುಂದಿಡಬಹುದು: ನಿಗದಿಪಡಿಸಿದ ಹಳೆಯ ಪೇಟೆಯೊಳಗೆ, ವರ್ಷಗಟ್ಟಲೆ ಮುಚ್ಚಿದ್ದ ಕಟ್ಟಡವನ್ನು ಕೆಡವದೆ ದುರಸ್ತಿ ಮಾಡಿದವರಿಗೆ, ದುರಸ್ತಿಯಿಂದ ಹೆಚ್ಚಿದ ಮೌಲ್ಯದ ಮೇಲೆ ಐದು ವರ್ಷ, ವರ್ಷಕ್ಕೊಂದು ಪಾಲು ಇಳಿಯುವಂತೆ ತೆರಿಗೆ ಬಿಡುವುದು. ಈಗ ಬರುತ್ತಿರುವ ಕಂದಾಯದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಬಾರದು, ಮತ್ತು ವ್ಯಾಪಾರ ನಡೆಯದೆ ಬಾಗಿಲು ಮುಚ್ಚಿದರೆ ಬಿಟ್ಟದ್ದನ್ನು ವಸೂಲು ಮಾಡುವ ಷರತ್ತಿರಬೇಕು.

ನಮ್ಮ ಪಾಲಿಕೆ ಅಥವಾ ಸರ್ಕಾರ ಯಾರಿಗೆ ಎಷ್ಟು ತೆರಿಗೆ ಬಿಟ್ಟಿದೆ ಎಂಬುದನ್ನು ಸಾಮಾನ್ಯ ನಾಗರಿಕರು ತಿಳಿಯುವುದು ಹೇಗೆ?
— ಓದುಗರು, ಬೆಳಗಾವಿ

ಅಮೆರಿಕದಲ್ಲೂ ಇತ್ತೀಚಿನವರೆಗೆ ಇದು ಸುಲಭವಾಗಿರಲಿಲ್ಲ. ಸರ್ಕಾರಿ ಲೆಕ್ಕಪತ್ರಗಳ ಮಾನದಂಡ ಮಂಡಳಿ 2015ರಲ್ಲಿ ಹೊರಡಿಸಿದ 77ನೆಯ ಮಾನದಂಡದ ನಂತರವೇ ನಗರಗಳು ಒಪ್ಪಂದದ ಮೂಲಕ ಬಿಟ್ಟ ತೆರಿಗೆಯ ಮೊತ್ತವನ್ನು ವಾರ್ಷಿಕ ಲೆಕ್ಕಪತ್ರದ ಟಿಪ್ಪಣಿಯಲ್ಲಿ ತೋರಿಸಲಾರಂಭಿಸಿದವು. ನಮ್ಮ ಕೇಂದ್ರ ಸರ್ಕಾರ 2006–07ರ ಬಜೆಟ್ಟಿನಿಂದ ಬಿಟ್ಟುಕೊಟ್ಟ ತೆರಿಗೆಯ ಅಂದಾಜು ಪಟ್ಟಿ ಕೊಡುತ್ತ ಬಂದಿದೆ. ಪಾಲಿಕೆಯ ಮಟ್ಟದಲ್ಲಿ ನೀವು ಬಳಸಬೇಕಾದದ್ದು 2005ರ ಮಾಹಿತಿ ಹಕ್ಕು ಅಧಿನಿಯಮ. ಅದರ 4(1)(ಬಿ) ಪ್ರಕರಣದ 13ನೆಯ ಬಾಬಿನ ಪ್ರಕಾರ ಯಾವುದೇ ಸಾರ್ವಜನಿಕ ಪ್ರಾಧಿಕಾರ ತಾನು ಕೊಟ್ಟ ರಿಯಾಯಿತಿ, ಪರವಾನಗಿಗಳನ್ನು ಪಡೆದವರ ವಿವರಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಪಾಲಿಕೆಯ ಜಾಲತಾಣದಲ್ಲಿ ಅದು ಇಲ್ಲದಿದ್ದರೆ ಕಂದಾಯ ವಿಭಾಗದ ಮಾಹಿತಿ ಅಧಿಕಾರಿಗೆ 6ನೆಯ ಪ್ರಕರಣದಡಿ ಅರ್ಜಿ ಕೊಡಿ. ಅರ್ಜಿಯಲ್ಲಿ ಆರ್ಥಿಕ ವರ್ಷ, ವಾರ್ಡ್ ಮತ್ತು ಯಾವ ಆದೇಶದಡಿ ವಿನಾಯಿತಿ ಕೊಡಲಾಗಿದೆ ಎಂಬುದನ್ನು ಬೇರೆ ಬೇರೆಯಾಗಿ ಕೇಳಿ, ಆದೇಶದ ಪ್ರತಿಯನ್ನೂ ಕೋರಿ. 30 ದಿನಗಳೊಳಗೆ ಉತ್ತರ ಬಾರದಿದ್ದರೆ ಪ್ರಥಮ ಮೇಲ್ಮನವಿ ಸಲ್ಲಿಸಬಹುದು.